ಚಪ್ಪಲಿ ಇಡುವ ಹಲಗೆ

ಬಳ್ಳಾರಿಯ ಪಾರ್ವತಿನಗರದಲ್ಲಿ ನಾವು ಮನೆ ಕಟ್ಟಿಸುವಾಗ, ಹೊಸ ಮರದ ಒಂದು ತುಂಡನ್ನೂ ಕೊಳ್ಳುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ. ಕಿಟಕಿ, ಬಾಗಿಲುಗಳೆಲ್ಲ ಕೆಡವಿದ ಮನೆಗಳಿಂದ ಬಂದವು. ಕುರುಗೋಡಿನ ಕಡೆಯಿಂದ ತಂದ ಒಡೆದ ಕಲ್ಲಿನ ತುಂಡುಗಳನ್ನು ಕೂಡಿಸಿ ಹಜಾರಕ್ಕೆ ನೆಲ ಮಾಡಿಸಿದೆ. ಜೀನ್ಸ್ ಹೊಲಿಯುವವರು ಬಿಸಾಡಿದ ಚಿಂದಿಯಲ್ಲಿ ಕೌದಿ, ದಿಂಬು ಹೊಲಿಸಿದೆ. ಬಂದವರೆಲ್ಲ ಹೊಗಳಿದರು, ನಾನೂ ಉಬ್ಬಿದೆ. ಮನೆಯ ಮೂಲೆಮೂಲೆಯ ಫೋಟೊ ತೆಗೆದು ಆಫೀಸಿನ ಗ್ರೂಪಿಗೆ ಹಾಕುವ ಚಟ ಹತ್ತಿತು. "ಇನ್ನ ಬಚ್ಚಲದ್ದೊಂದ ಬಾಕಿ ಐತಿ ನೋಡು" ಎಂದು ಗಂಡ ಕಾಡುತ್ತಿದ್ದರು.

ಎಲ್ಲರೂ ಹೆಚ್ಚು ಮೆಚ್ಚಿದ್ದು ಬಾಗಿಲ ಒಳಬದಿಯ ಚಪ್ಪಲಿ ಹಲಗೆಯನ್ನು. ದಪ್ಪನೆಯ ಹಳೇ ತೇಗ, ಮುಂಭಾಗದಲ್ಲಿ ಹಿತ್ತಾಳೆ ಹೂಗಳು. ಎರಡು ಕಲ್ಲುಗಳ ಮೇಲೆ ಅಡ್ಡ ಇಟ್ಟಿದ್ದೆ. ಅದು ಸಿರುಗುಪ್ಪದಲ್ಲಿರುವ ನನ್ನ ಗಂಡನ ಅಕ್ಕನ ಮನೆಯ ಹೊಸ್ತಿಲು. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ, ಕೊಳ್ಳಲು ಬಂದವರನ್ನು ವಾಪಸ್ ಕಳಿಸಿ, "ಇದು ನಿನ್ನ ಮನಿಗಿ ಇರ್ಲಿ ತಂಗಿ" ಎಂದು ಅವರು ನನಗೆ ಕೊಟ್ಟಿದ್ದರು. ನಮ್ಮ ಬಾಗಿಲು ಅದಕ್ಕಿಂತ ಅಗಲ, ಕೂಡಲಿಲ್ಲ. ಅಲ್ಲಿಗೆ ಕಲ್ಲು ಹಾಕಿಸಿ, ಇದು ಸುಮ್ಮನೆ ಬಿದ್ದಿರುವ ಬದಲು ಉಪಯೋಗಕ್ಕೆ ಬರಲಿ ಎಂದುಕೊಂಡೆ. ಹೊಸ್ತಿಲು ತುಳಿಯಬಾರದು, ಅದರ ಮೇಲೆ ಕೂರಬಾರದು ಎಂದು ನನಗೂ ಅವ್ವ ಹೇಳಿಕೊಟ್ಟಿದ್ದಳು. ಬಾಗಿಲಿನಿಂದ ಬಿಚ್ಚಿದ ಮೇಲೆ ಅದು ಬರೀ ಮರ ಎಂದು ನನಗೆ ನಾನೇ ಹೇಳಿಕೊಂಡೆ. "ಅಕ್ಕ ನೋಡಿದ್ರ ಏನಂತಾಳ?" ಎಂದರು ಗಂಡ. "ಅಕ್ಕಾರೇನ್ ದಿನಾ ಬರ್ತಾರೇನು?" ಎಂದು ಬಾಯಿ ಮುಚ್ಚಿಸಿದೆ.

ಮೊಣಕಾಲು ನೋವಿನಿಂದ ಗೃಹಪ್ರವೇಶಕ್ಕೆ ಬರಲಾಗದಿದ್ದ ಅಕ್ಕ ಒಂದು ಭಾನುವಾರ ಹೇಳದೆ ಕೇಳದೆ ಬಂದರು. ಗೇಟಿನ ಸದ್ದಿಗೆ ಕಿಟಕಿಯಿಂದ ನೋಡಿದವಳೇ ಬಾಗಿಲಿಗೆ ಓಡಿದೆ. ಚಪ್ಪಲಿಗಳನ್ನು ಬಾಚಿ ಮೂಲೆಗೆ ಎಸೆದು, ಹಲಗೆಯ ಮೇಲೆ ಜೀನ್ಸ್ ಕೌದಿ ಹೊದಿಸಿದೆ. ಬರೀ ಮರವಾಗಿದ್ದರೆ ಹಾಗೇಕೆ ಓಡಾಡಬೇಕಿತ್ತು?

ಒಳಗೆ ಬಂದ ಅಕ್ಕ, "ಉಸ್ಸಪ್ಪಾ, ಮೊಣಕಾಲು ಮಾತು ಕೇಳವಲ್ದು" ಎನ್ನುತ್ತ ಅದರ ಮೇಲೇ ಕೂತುಬಿಟ್ಟರು. ದಿನಾ ಬೆಳಗ್ಗೆ ತಾವೇ ಅರಿಶಿನ ಹಚ್ಚಿ ಪೂಜಿಸಿದ ಹೊಸ್ತಿಲಿನ ಮೇಲೆ.

"ಸೋಫಾದಾಗ ಕುಂದರ್ರಿ ಅಕ್ಕಾರ."

"ಇಲ್ಲೇ ಚಲೋ ಐತಿ, ಗಾಳಿ ಬರ್ತೈತಿ."

ಎಬ್ಬಿಸಬೇಕಾದರೆ ನಿಜ ಹೇಳಬೇಕಿತ್ತು. ನೀರು ತರುವ ನೆಪದಲ್ಲಿ ಅಡುಗೆಮನೆಗೆ ತಪ್ಪಿಸಿಕೊಂಡೆ.

ತಂಬಿಗೆ ಹಿಡಿದು ಬಂದಾಗ ಅಕ್ಕ ಎದ್ದು ನಿಂತಿದ್ದರು. ಹೊಲಿಗೆ ನೋಡಲೆಂದು ಕೌದಿಯ ಅಂಚು ಎತ್ತಿದ್ದರಂತೆ. ಈಗ ಅದು ಮಡಚಿ ಸೋಫಾದ ಮೇಲಿತ್ತು. ಹಿತ್ತಾಳೆ ಹೂಗಳ ಸಂದಿಯಲ್ಲಿ ಹಳೇ ಅರಿಶಿನ ಇನ್ನೂ ಉಳಿದಿತ್ತು, ಅದರ ಮೇಲೆ ನಮ್ಮ ಶೂಗಳ ಮಣ್ಣು.

"ಮದಿವಿ ಆಗಿ ಬಂದಾಗ ಇದರ ಮ್ಯಾಲಿನ ಅಕ್ಕಿ ಸೇರು ಒದ್ದು ಒಳಗ ಬಂದಾಕಿ ನಾನು" ಎಂದರು. "ನನ್ನ ಕಾಲು ಇದಕ್ಕ ತಾಗಿದ್ದು ಅದೊಂದ ಸಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ತಪ್ಪಾತ್ರಿ ಅಕ್ಕಾರ, ಇನ್ನ ಮ್ಯಾಲ ಇದರ ಮ್ಯಾಲ ಚಪ್ಪಲಿ ಇಡಾಂಗಿಲ್ಲ" ಎಂದೆ. ಅವರು "ಆತು ಬಿಡು" ಎಂದು ನೀರು ಕುಡಿದರು.

ಅಷ್ಟರಲ್ಲಿ ನನ್ನ ಮೇಲಧಿಕಾರಿಯ ಹೆಂಡತಿ ಬಂದರು. ಮನೆ ನೋಡಲು ನಾನೇ ಕರೆದಿದ್ದೆ, ಗಾಬರಿಯಲ್ಲಿ ಮರೆತುಹೋಗಿತ್ತು. "ಫೋಟೋದಾಗ ನೋಡಿದ್ದು ಇದೇ ಅಲ್ಲೇನ್ರಿ?" ಎನ್ನುತ್ತ ಅವರು ಚಪ್ಪಲಿ ಬಿಟ್ಟು, ಒಪ್ಪವಾಗಿ ಹಲಗೆಯ ಮೇಲೆ ಜೋಡಿಸಿದರು. "ಎಂಥಾ ಐಡಿಯಾರಿ ನಿಮ್ದು."

ಅಕ್ಕ ನನ್ನ ಮುಖ ನೋಡಿದರು. ಅಲ್ಲಿ ಇಡಬೇಡಿ ಎಂದರೆ ಸಾಕಿತ್ತು. ಆದರೆ ಏಕೆಂದು ಹೇಳಬೇಕಾಗುತ್ತಿತ್ತು, ಆ ಮೆಚ್ಚುಗೆಯ ಮುಖ ಬಾಡುವುದನ್ನು ನೋಡಬೇಕಾಗುತ್ತಿತ್ತು. ನಾನು ನಕ್ಕು, "ಬರ್ರಿ, ಒಳಗ ಬರ್ರಿ" ಎಂದೆ.

ಅವರು ನೆಲದ ಕಲ್ಲು ನೋಡುತ್ತ ಮುಂದೆ ಹೋದರು. ಅಕ್ಕ ಗೋಡೆ ಹಿಡಿದು, ಬಗ್ಗದ ಮೊಣಕಾಲನ್ನು ಬಗ್ಗಿಸಿ, ಆ ಚಪ್ಪಲಿಗಳನ್ನು ತಮ್ಮ ಕೈಯಿಂದಲೇ ಎತ್ತಿ ಕೆಳಗಿಟ್ಟರು. ಸೆರಗಿನಿಂದ ಹಲಗೆ ಒರೆಸಿದರು. ನಾನು ನೋಡಿಯೂ ನೋಡದವಳಂತೆ ಬಂದವರಿಗೆ ದಿಂಬುಗಳನ್ನು ತೋರಿಸುತ್ತಿದ್ದೆ.