ಮುಸುರಿ ತಿಕ್ಕಲು ಒಬ್ಬಾಕಿ ಬೇಕು

ಒಂದು ತಪ್ಪು ಒಪ್ಪಿಕೊಂಡೇ ಶುರು ಮಾಡುತ್ತೇನೆ. ಹೋದ ವರ್ಷ ಸುಮಾರು ಎರಡು ತಿಂಗಳು, ಮುಂಜಾನೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದವನು ಶಿವನಲ್ಲ. ಹಿತ್ತಲ ಬಚ್ಚಲ ಮುಂದೆ ಗುಡ್ಡದಂತೆ ಬಿದ್ದ ಮುಸುರಿ ಭಾಂಡೆ ಕಾಣುತ್ತಿದ್ದವು. ಎಡಗೈಯ ನಡುವೆ ಉದ್ದಕ್ಕೆ ಒಂದು ಬಿರುಕು ಬಿಟ್ಟಿತ್ತು. ಲಿಂಗಕ್ಕೆ ಹಾಕಿದ ನೀರು ಇಳಿದು ಆ ಬಿರುಕಿಗೆ ಮುಟ್ಟಿದ ಕೂಡಲೇ ಬಾಯಿಂದ ‘ಸ್ಸ್’ ಎಂದು ಬರುತ್ತಿತ್ತು. ಆರು ಅಕ್ಷರದ ಮಂತ್ರಕ್ಕೆ ನಾನೊಬ್ಬಳೇ ಏಳನೆಯ ಅಕ್ಷರ ಸೇರಿಸಿದ್ದೆ. ಶಿವ ದೊಡ್ಡವನು, ಅದನ್ನೂ ಕೇಳಿಸಿಕೊಂಡ.

ಬಿರುಕಿಗೆ ಕಾರಣ ಬೂದಿ, ನಾರು ಮತ್ತು ನಮ್ಮ ಬಾವಿಯ ಸವಳು ನೀರು. ಹನ್ನೆರಡು ವರ್ಷ ನಮ್ಮ ಮನೆಯ ಮುಸುರಿ ತಿಕ್ಕಿದ ಗಂಗವ್ವ, ಇಟ್ಟಂಗಿಹಾಳದಿಂದ ದಿನಾ ನಡೆದು ಬರುತ್ತಿದ್ದಾಕಿ, ಮಗಳ ಬಾಣಂತನಕ್ಕೆ ಟಿಕೋಟಕ್ಕೆ ಹೋದಳು. ಹೋದಾಕಿ ಮೊಮ್ಮಗನ ಮೋತಿ ನೋಡಿ ಅಲ್ಲೇ ಉಳಿದಳು. ಅದಕ್ಕೆ ನಾನು ಅವಳನ್ನು ಬೈಯಲಾರೆ. ಹನ್ನೆರಡು ವರ್ಷ ನಾವು ಉಂಡು ಬಿಟ್ಟ ಗಂಗಾಳ ನೋಡಿದ ಕಣ್ಣಿಗೆ ಒಂದು ಕೂಸಿನ ಮೋತಿ ನೋಡುವ ಪುಣ್ಯ ಬರಲೇಬೇಕಿತ್ತು.

ನಮ್ಮ ಮನೆ ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದೆ. ನಮ್ಮ ಯಜಮಾನರದು ರೈತರ ಮಾಲು ಮಾರಿಕೊಡುವ ಕಾಳುಕಡಿಯ ಅಡತಿ ಅಂಗಡಿ. ಟಿಕೋಟ, ಬಬಲೇಶ್ವರ, ಕಾಖಂಡಕಿ ಕಡೆಯಿಂದ ಜೋಳ, ಕುಸುಬಿ ತಂದ ರೈತರು ಮಾಲು ತೂಗಿಸಿ, ಕೈಕಾಲು ತೊಳೆದುಕೊಂಡು ನಮ್ಮ ಪಡಸಾಲೆಯಲ್ಲಿ ಊಟಕ್ಕೆ ಕೂಡುವುದು ಮಾವನವರ ಕಾಲದಿಂದ ಬಂದ ಪದ್ಧತಿ. ಅಂಗಡಿಯಲ್ಲಿ ಶೇರು ಹೋಗಿ ಕಿಲೋ ಬಂದವು, ಉಣ್ಣುವವರ ಹೊಟ್ಟೆ ಮಾತ್ರ ಹಳೆಯ ಅಳತೆಯಲ್ಲೇ ಉಳಿದಿದೆ. ಮನೆಯವರು ಒಂಬತ್ತು ಮಂದಿ, ಬಂದವರು ಹತ್ತೋ ಹದಿನೈದೋ. ಹಿತ್ತಾಳೆಯ ಗಂಗಾಳ, ಕಂಚಿನ ವಾಟಗ, ತಾಮ್ರದ ತಂಬಿಗೆ, ಅನ್ನದ ಬೋಗುಣಿ, ಸಾರಿನ ಪಾತೇಲಿ, ಎಲ್ಲವೂ ಎರಡು ಹೊತ್ತು ಬಚ್ಚಲ ಮುಂದೆ ಬಂದು ಕೂಡುತ್ತವೆ.

ಗಂಗವ್ವ ಹೋದ ಮೇಲೆ ಆ ಕೆಲಸ ಹಿರಿಯ ಸೊಸೆಯಾದ ನನ್ನ ಪಾಲಿಗೆ ಬಂತು. ಮೊದಲ ವಾರ ಭಕ್ತಿಯಿಂದಲೇ ತಿಕ್ಕಿದೆ. ಹಣೆಗೆ ಹಚ್ಚುವುದೂ ಬೂದಿ, ಗಂಗಾಳಕ್ಕೆ ಹಚ್ಚುವುದೂ ಬೂದಿ. ಒಂದು ಒಳಗಿನ ಕೊಳೆ ತೆಗೆಯುತ್ತದೆ, ಒಂದು ಹೊರಗಿನದು. ಇಷ್ಟು ದೊಡ್ಡ ವಿಚಾರ ಹೊಳೆದದ್ದಕ್ಕೆ ನನ್ನ ಮೇಲೆ ನನಗೇ ಅಭಿಮಾನ ಬಂತು. ಎರಡನೆಯ ವಾರ ಅಂಗೈ ಬಿರಿಯಿತು, ವಿಚಾರ ಹೊಳೆಯುವುದು ನಿಂತಿತು. ಬಿಸಿ ನೀರಲ್ಲಿ ಕಲಸಿದ ಜೋಳದ ಹಿಟ್ಟು ಆ ಬಿರುಕಿನೊಳಗೆ ಸೇರಿದರೆ ರೊಟ್ಟಿ ಬಡಿಯುವ ಸಪ್ಪಳಕ್ಕಿಂತ ನನ್ನ ಉಸಿರಿನ ಸಪ್ಪಳವೇ ಜೋರಾಗುತ್ತಿತ್ತು.

ನಮ್ಮ ಅತ್ತೆಯವರಿಗೆ ಅಂಗೈ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು, ಜೋಳದ ಮಾದರಿ ನೋಡಿದಂತೆ ನೋಡಿ ಬಿಟ್ಟರು.

“ಗಂಗವ್ವ ಬರೂಕಿಂತ ಮದಲ ಇದ ಬಚ್ಚಲದಾಗ ನಾ ಹದಿನೆಂಟ ವರ್ಷ ತಿಕ್ಕೀನಿ. ನನ್ನ ಕೈ ಏನ ಉದುರಿ ಬಿದ್ದಾವೇನ ಬೇ?”

“ಇಲ್ರಿ ಅತ್ತಿ.”

“ಹಂಗಾರ ನಿನ್ನವೂ ಬೀಳೂದಿಲ್ಲ. ಶ್ರಾವಣ ಬರೂತನಾ ಹುಡುಕು. ಸಿಕ್ಕರ ಸಿಗಲಿ. ಶ್ರಾವಣ ಹತ್ತಿದ ಮ್ಯಾಲ ಸ್ವಾಮಿಗಳು ಪ್ರಸಾದಕ್ಕ ಬರೂ ಹೊತ್ತಿನಾಗ ಹೊಸಾಕಿನ್ನ ತಂದು ಮನ್ಯಾಗ ಗದ್ಲ ಹಾಕಬ್ಯಾಡ. ಆಮ್ಯಾಲ ಮನಿ ಭಾಂಡೆ ಮನ್ಯಾವರ ತಿಕ್ಕೂದು.”

ನನಗೆ ಉಳಿದದ್ದು ಒಂದೂವರೆ ತಿಂಗಳು. ಆ ದಿನವೇ ಗಟ್ಟಿ ಮಾಡಿಕೊಂಡೆ: ಶ್ರಾವಣದ ಮೊದಲ ಸೋಮವಾರ ನನ್ನ ಅಂಗೈಯಲ್ಲಿ ಲಿಂಗ ಕೂಡುವಾಗ ‘ಸ್ಸ್’ ಅನ್ನಬಾರದು. ವರ ಹುಡುಕುವವರೂ ಇಷ್ಟು ಹಟ ಹಿಡಿದಿರಲಿಕ್ಕಿಲ್ಲ.

ನಮ್ಮ ಯಜಮಾನರು ತಮ್ಮದೇ ದಾರಿ ಹುಡುಕಿದರು. ಪೇಟೆಗೆ ಹೊಸದಾಗಿ ಬಂದ ಸ್ಟೀಲಿನ ಗಂಗಾಳ ಒಂದನ್ನು ತಂದು, “ಇದಕ್ಕ ಬೂದಿ ಬ್ಯಾಡ, ಹುಣಸಿಹಣ್ಣ ಬ್ಯಾಡ, ನೀರ ತೋರಿಸಿದ್ರ ಸಾಕು” ಎಂದರು. ಅತ್ತೆಯವರು ಅದನ್ನು ಕೈಯಲ್ಲಿ ತೂಗಿ, “ತೂಕಿಲ್ಲ ಏನಿಲ್ಲ, ಗಾಳಿ ಬಂದರ ಅನ್ನದ ಸಮೇತ ಹಾರಿ ಹೋಗ್ತೈತಿ” ಎಂದು ಮೂಲೆಗಿಟ್ಟರು. ಮರುದಿನ ಯಜಮಾನರು ಪೇಪರು ಹಿಡಿದು ಬಂದರು. ಪರದೇಶದಲ್ಲಿ ಭಾಂಡೆ ತೊಳೆಯುವ ಮಷೀನು ಬಂದಿದೆಯಂತೆ. ಒಳಗಿಟ್ಟು ಬಾಗಿಲು ಹಾಕಿದರೆ ಸಾಕಂತೆ.

“ಆ ಮಷೀನ ತೊಳಿಯಾಕಿ ಯಾರು?” ಎಂದು ಅತ್ತೆಯವರು ಕೇಳಿದರು.

ಯಜಮಾನರು ಪೇಪರು ತಿರುಗಿಸಿ ನೋಡಿದರು, ಅದು ಅದರಲ್ಲಿ ಬರೆದಿರಲಿಲ್ಲ. ನಮ್ಮ ಬಾವಿಯ ನೀರು ಎರಡು ದಿನ ಕುಡಿದರೆ ಆ ಮಷೀನಿಗೂ ಅಂಗೈ ಬಿರಿಯುತ್ತದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಮೊದಲು ಬಂದಾಕಿ ಕಾಶವ್ವ. ಗಟ್ಟಿ ರಟ್ಟೆ, ಹಸನಾದ ಕೈ. ಅವಳಿಗೆ ನಾನು ಒಂದೇ ಮಾತು ಹೇಳಿದೆ: “ನಮ್ಮ ಅತ್ತಿಗೆ ಎಲ್ಲಾ ಲಕಲಕ ಅನಬೇಕವ್ವಾ.” ಈ ‘ಎಲ್ಲಾ’ ಎಂಬ ಮಾತೇ ನನ್ನ ಕುತ್ತಿಗೆಗೆ ಬಂತು. ಕಾಶವ್ವ ಗಂಗಾಳ ತಿಕ್ಕಿದಳು, ಬೋಗುಣಿ ತಿಕ್ಕಿದಳು, ಆಮೇಲೆ ಒಲೆಯ ಮೇಲಿದ್ದ ರೊಟ್ಟಿಯ ಹಂಚನ್ನೂ ಎಳೆದುಕೊಂಡು ಇಟ್ಟಂಗಿ ಪುಡಿ ಹಾಕಿ ತಿಕ್ಕಿದಳು. ರೊಟ್ಟಿ ತಿನ್ನುವ ಮನೆಯಲ್ಲಿ ಹಂಚನ್ನು ಅರಿವೆಯಿಂದ ಒರೆಸುತ್ತಾರೆಯೇ ಹೊರತು ತಿಕ್ಕುವುದಿಲ್ಲ. ಅದರ ಮೈಮೇಲಿನ ಕಪ್ಪು, ವರ್ಷಗಟ್ಟಲೆ ಬೆಂಕಿಯುಂಡು ಕೂಡಿಸಿದ್ದು. ಕಾಶವ್ವನಿಗೂ ಅದು ಗೊತ್ತಿತ್ತು. ಆದರೆ ಯಜಮಾನಿ ಎಲ್ಲಾ ಅಂದಮೇಲೆ ಎಲ್ಲಾ.

ಮರುದಿನ ಮೊದಲ ರೊಟ್ಟಿ ಹಂಚಿಗೆ ಅಂಟಿದ್ದು, ಗೋಡೆಗೆ ಹಚ್ಚಿದ ಕುಳ್ಳಿನಂತೆ ಬಿಡಲೇ ಇಲ್ಲ. ಎರಡನೆಯದು ಅರ್ಧ ಬಂತು. ಬಬಲೇಶ್ವರದ ರೈತರು ಆ ದಿನ ರೊಟ್ಟಿಯನ್ನು ತುತ್ತು ಮುರಿಯುವ ತ್ರಾಸಿಲ್ಲದೆ ಉಂಡರು. ಅತ್ತೆಯವರು ಬಂದು ಹಂಚಿನಲ್ಲಿ ಇಣುಕಿದರು.

“ಹಂಚಿನ್ನ ಕನ್ನಡಿ ಮಾಡಿ ಇಟ್ಟಾಳಲ್ಲ. ಇನ್ನ ರೊಟ್ಟಿ ಯಾತಕ್ಕ? ಬಂದವರೆಲ್ಲ ಮೋತಿ ನೋಡಿಕೊಂಡು ಹೋಗಲಿ.”

ಕುಸುಬಿ ಎಣ್ಣೆ ಸುರಿದು, ಉಳ್ಳಾಗಡ್ಡಿ ತಿಕ್ಕಿ, ಹಂಚನ್ನು ಹಳೆಯ ದಾರಿಗೆ ತರುವಷ್ಟರಲ್ಲಿ ವಾರ ಕಳೆಯಿತು. ತಪ್ಪು ನನ್ನದೆಂದು ಹೇಳಿದರೂ ಅತ್ತೆಯವರು ಕಾಶವ್ವನನ್ನು ಇಟ್ಟುಕೊಳ್ಳಲಿಲ್ಲ. ಅವಳಿಗೆ ಗುಡಿಯ ಮುಂದಿನ ದೊಡ್ಡ ಮನೆಯಲ್ಲಿ ಕೆಲಸ ಹಚ್ಚಿಕೊಟ್ಟು ಬಂದ ಮೇಲೆ ನನ್ನ ಮನಸ್ಸು ಹಗುರಾಯಿತು. ಅಂಗೈ ಮಾತ್ರ ಹಾಗೇ ಇತ್ತು.

ಎರಡನೆಯವಳು ಬಂದು, ಮುಸುರಿಯ ರಾಶಿ ನೋಡಿ, “ನೀರ ಕುಡದ ಬರ್ತೀನ್ರಿ” ಎಂದು ಹೋದಳು. ಇನ್ನೂ ಕುಡಿಯುತ್ತಿದ್ದಾಳೆ.

ಶ್ರಾವಣಕ್ಕೆ ಎಂಟು ದಿನ ಇತ್ತು. ಟಿಕೋಟದ ರೈತರೊಬ್ಬರ ಕೈಯಲ್ಲಿ ಗಂಗವ್ವ ಸುದ್ದಿ ಕಳಿಸಿದಳು: ನಿಮ್ಮ ಓಣಿಯ ತುದಿಯಲ್ಲೇ ಬಾಳವ್ವ ಅಂತ ಇದ್ದಾಳೆ, ಕರೆದು ನೋಡಿರಿ. ಕರೆಸಿದೆ. ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಬಂದಳು. ನನಗಿಂತ ನಾಲ್ಕೈದು ವರ್ಷ ಹಿರಿಯಳು, ಮಾತು ಕಡಿಮೆ. ನಾನು ಮೂರು ದಿನ ಕೆಲಸ ನೋಡಿ ಹೇಳುತ್ತೇನೆ ಎನ್ನುವ ಠೀವಿಯಲ್ಲಿ ಕಟ್ಟೆಯ ಮೇಲೆ ಕೂತೆ.

ಅವಳು ನನ್ನ ಕಡೆ ನೋಡಲೇ ಇಲ್ಲ. ಮುಸುರಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಗಂಗಾಳ ಎತ್ತಿ ನೋಡತೊಡಗಿದಳು. ಒಂದರಲ್ಲಿ ಒಣಗಿ ಹಿಡಿದ ಕಡಲೆಹಿಟ್ಟಿನ ಜುಣಕ, ಇನ್ನೊಂದರಲ್ಲಿ ಬಿಟ್ಟ ಅನ್ನ, ಮತ್ತೊಂದರಲ್ಲಿ ಮೆಣಸಿನಕಾಯಿಯ ತೊಟ್ಟು, ಹೆಪ್ಪುಗಟ್ಟಿದ ಎಣ್ಣೆ. ಹಾಗೆ ನೋಡುತ್ತ ಒಂದು ಗಂಗಾಳಕ್ಕೆ ಬಂದು ತಡೆದಳು. ಅದರಲ್ಲಿ ಅಗುಳಿಲ್ಲ, ಜಿಡ್ಡಿಲ್ಲ.

“ಇದ ಯಾರದ್ರಿ ಅಕ್ಕಾರ?”

“ನಮ್ಮ ಮಾವನೋರದು.”

ನಮ್ಮ ಮಾವನವರು ಹಳೆಯ ಕಾಲದ ಭಕ್ತರು. ಉಣ್ಣುವುದನ್ನು ಪ್ರಸಾದವೆಂದೇ ಉಣ್ಣುತ್ತಾರೆ. ಒಂದು ಅಗುಳು ಬಿಡುವುದಿಲ್ಲ. ಊಟ ಮುಗಿದ ಮೇಲೆ ಗಂಗಾಳಕ್ಕೆ ನೀರು ಹಾಕಿ, ಬೆರಳಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿದು ಏಳುತ್ತಾರೆ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡಬೇಕು. ಎಲ್ಲರಿಗೂ ಅದು ಗೊತ್ತು. ಗೊತ್ತಿದ್ದುದರಿಂದಲೇ ಮಾಡುವುದನ್ನು ಬಿಟ್ಟಿದ್ದೆವು.

“ಮನಿ ಮಂದಿಯೆಲ್ಲಾ ಹಿಂಗ ಉಂಡರ ನಾ ಬರ್ತೀನ್ರಿ. ಇಲ್ಲಂದ್ರ ನನ್ನ ಕೈಲೆ ನೀಗೂದಿಲ್ಲ” ಎಂದಳು ಬಾಳವ್ವ.

ನನಗೆ ಸಿಟ್ಟು ಬಂತು. ಆರಿಸಲು ಕೂತವಳು ನಾನು, ಕರಾರು ಹಾಕುವವಳು ಇವಳು. “ಯಾಕ, ಇಷ್ಟ ತಿಕ್ಕಾಕ ಏನಾಗೈತಿ ನಿನಗ?” ಎಂದೆ. ಅವಳು ಎರಡೂ ಅಂಗೈ ತೆರೆದು ನನ್ನ ಮುಂದೆ ಹಿಡಿದಳು.

ನನ್ನದೊಂದು ಬಿರುಕು. ಅವಳ ಅಂಗೈ ಬೇಸಿಗೆಯ ಎರೆ ಹೊಲದಂತಿತ್ತು. ಹಿಂದೆ ಕೆಲಸಕ್ಕಿದ್ದ ಮನೆಯಲ್ಲಿ ಮೂವತ್ತು ಮಂದಿಯ ಮುಸುರಿ ಇತ್ತಂತೆ.

ಪ್ರಾಮಾಣಿಕವಾಗಿ ಹೇಳುತ್ತೇನೆ, ತಿಂಗಳಿಗೂ ಹೆಚ್ಚು ದಿನದಿಂದ ನಾನು ಹುಡುಕುತ್ತಿದ್ದದ್ದು ಏನೆಂದು ಆಗ ತಿಳಿಯಿತು. ನನ್ನ ಅಂಗೈಯ ಬಿರುಕನ್ನು ಇಳಿಸಿಡಲು ಇನ್ನೊಂದು ಅಂಗೈ ಹುಡುಕುತ್ತಿದ್ದೆ. ಅದೂ ದಿನಾ ಶಿವನ ಹೆಸರು ಹೇಳುತ್ತ. ಗಂಗವ್ವನ ಕೈಯನ್ನು ಹನ್ನೆರಡು ವರ್ಷದಲ್ಲಿ ಒಮ್ಮೆಯಾದರೂ ತಿರುಗಿಸಿ ನೋಡಿದ್ದೆನೇ ಎಂದು ನೆನಪು ಮಾಡಿಕೊಂಡೆ. ಅವಳು ತಿಕ್ಕಿದ ತಂಬಿಗೆಯ ತಳವನ್ನು ಮಾತ್ರ ದಿನಾ ತಿರುಗಿಸಿ ನೋಡಿದ್ದೆ.

“ನಾಳಿ ಬಾ. ನಾ ಒಳಗ ಮಾತಾಡ್ತೀನಿ” ಎಂದೆ. ಹಟ ಹೋಗಲಿಲ್ಲ, ತಿರುಗಿ ನಿಂತಿತು ಅಷ್ಟೆ. ಇಷ್ಟು ದಿನ ಹೊರಗೆ ಹುಡುಕುತ್ತಿದ್ದುದನ್ನು ಇನ್ನು ಮನೆಯೊಳಗೇ ಹುಡುಕಬೇಕಿತ್ತು.

ಅತ್ತೆಯವರ ಮುಂದೆ ಹೇಳಿದೆ. ನಾನು ಎಣಿಸಿದಂತೆಯೇ ಆಯಿತು.

“ಮುಸುರಿ ತಿಕ್ಕಾಕಿ ನಮಗ ಉಣ್ಣೂದ ಕಲಿಸಾಕ ಬಂದಾಳೇನ?”

“ಹೊಸಾದೇನೂ ಕಲಿಸಿಲ್ರಿ ಅತ್ತಿ. ನಾ ಮದುವ್ಯಾಗಿ ಬಂದ ದಿನ ನೀವ ನನಗ ಇದನ್ನ ಹೇಳಿದ್ರಿ. ಗಂಗಾಳದಾಗ ಬಿಟ್ಟರ ಶಿವನ್ನ ಬಿಟ್ಟಂಗ ಅಂದಿದ್ರಿ.”

ಪಡಸಾಲೆಯಲ್ಲಿ ಮಾವನವರು ಒಮ್ಮೆ ಕೆಮ್ಮಿದರು. ಅವರು ಮಾತಾಡುವುದೇ ಅಪರೂಪ, ಕೆಮ್ಮಿದ್ದನ್ನೇ ನಾವು ತೀರ್ಪು ಎಂದು ತಿಳಿಯುತ್ತೇವೆ.

“ಆಕಿ ಹೇಳಿದಳಂತ ಅಲ್ಲ” ಎಂದರು ಅತ್ತೆಯವರು ಕೊನೆಗೆ, “ನಮ್ಮ ಧರ್ಮ ಐತಿ ಅಂತ.”

ಶಿವನ ದಯೆಗೆ ಎಷ್ಟು ಬಾಗಿಲು ಎನ್ನುವುದನ್ನು ನಾನು ಎಣಿಸಲು ಹೋಗುವುದಿಲ್ಲ, ತೆರೆದದ್ದರಲ್ಲಿ ಒಳಗೆ ಹೋಗಿಬಿಡುತ್ತೇನೆ.

ಮರುದಿನದ ಊಟ ನೋಡುವಂತಿತ್ತು. ಅತ್ತೆಯವರು ಗಂಗಾಳ ತೊಳೆದ ನೀರನ್ನು ಕಷಾಯ ಕುಡಿದ ಮೋತಿ ಮಾಡಿಕೊಂಡು ಕುಡಿದರು. ಕುಡಿದಾದ ಮೇಲೆ ಎಲ್ಲರ ಗಂಗಾಳದ ಮೇಲೂ ಅವರ ಕಣ್ಣು. ನಮ್ಮ ಯಜಮಾನರು ಜುಣಕದ ಕೊನೆಯ ತುಣುಕನ್ನು ಗಂಗಾಳದ ಅಂಚಿಗೆ ಅಂಟಿಸಿ ಏಳಲು ನೋಡಿದರು. “ಏ, ಕುಂಡ್ರು” ಎಂದರು ಅತ್ತೆಯವರು. ಅಡತಿ ಅಂಗಡಿಯ ಯಜಮಾನರು ನಲವತ್ತರ ವಯಸ್ಸಿನಲ್ಲಿ ಮತ್ತೆ ಕೂತು, ಬೆರಳು ಆಡಿಸಿ, ನೀರು ಕುಡಿದು ಎದ್ದರು. ಕಾಖಂಡಕಿಯ ರೈತರು ಅದನ್ನು ನೋಡಿ ಏನೂ ಕೇಳದೆ ತಾವೂ ಹಾಗೇ ಮಾಡಿದರು. ಒಬ್ಬ ಮುದುಕರು ಮಾತ್ರ, “ನಮ್ಮ ಅಪ್ಪಾನೂ ಹಿಂಗ ಉಣತಿದ್ದ ನೋಡ್ರಿ” ಎಂದರು. ಅತ್ತೆಯವರ ಮೋತಿಯಲ್ಲಿನ ಕಷಾಯ ಅಷ್ಟಕ್ಕೆ ಇಳಿಯಿತು.

ಬಾಳವ್ವ ಬಂದಳು, ಮುಸುರಿ ನೋಡಿದಳು, ಸೀರೆಯ ನಿರಿಗೆ ಸಿಗಿಸಿ ಕೂತಳು. ಅದೇ ಅವಳ ಒಪ್ಪಿಗೆ. ಮೂರು ದಿನ ಕೆಲಸ ನೋಡುವ ಮಾತನ್ನು ನಾನೂ ಎತ್ತಲಿಲ್ಲ. ತಿಕ್ಕುವ ಕಲ್ಲಿನ ಪಕ್ಕದ ಗೂಡಿನಲ್ಲಿ ಅಂದಿನಿಂದ ಒಂದು ಬಟ್ಟಲು ಔಡಲ ಎಣ್ಣೆ ಇಟ್ಟಿದ್ದೇನೆ. ಕೆಲಸ ಮುಗಿದ ಮೇಲೆ ಅವಳು ಕೈಗೆ ಹಚ್ಚಿಕೊಳ್ಳುತ್ತಾಳೆ, ಆಮೇಲೆ ನಾನು. ಶ್ರಾವಣದ ಮೊದಲ ಸೋಮವಾರ ಲಿಂಗಕ್ಕೆ ನೀರು ಹಾಕಿದಾಗ ‘ಸ್ಸ್’ ಎಂದೆ, ಆದರೆ ಸಣ್ಣಗೆ. ನಾಲ್ಕನೆಯ ಸೋಮವಾರಕ್ಕೆ ಮಂತ್ರ ಮತ್ತೆ ಆರೇ ಅಕ್ಷರಕ್ಕೆ ಬಂತು.

ಅಂಗೈ ಮಾಯ್ದರೂ ಧ್ಯಾನ ಸುಧಾರಿಸಿತೆಂದು ಹೇಳಲಾರೆ. ಈಗಲೂ ಕಣ್ಣು ಮುಚ್ಚಿದರೆ ಕಿವಿ ಹಿತ್ತಲಿಗೇ ಹೋಗುತ್ತದೆ. ಹಸನಾಗಿ ಉಂಡ ಗಂಗಾಳಕ್ಕೆ ಬಾಳವ್ವನ ಕೈ ಎರಡು ಸುತ್ತು ತಿರುಗಿದರೆ ಸಾಕು. ಬಿಟ್ಟು ಎದ್ದವರದಾದರೆ ನಾರು ಕರಕರ ಎಂದು ಬಹಳ ಹೊತ್ತು ಉಜ್ಜುತ್ತದೆ. ಮೊನ್ನೆ ಮುಂಜಾನೆ ಪೂಜೆಗೆ ಕೂತಾಗ ಎರಡು ಸುತ್ತಿನ ಸಪ್ಪಳ ಹದಿನಾಲ್ಕು ಎಣಿಸಿದೆ. ಹದಿನೈದನೆಯದು ಕರಕರ ಎಂದಿತು. ನಮ್ಮ ಯಜಮಾನರದೇ ಎಂದು ಗಟ್ಟಿ ಮಾಡಿಕೊಂಡು, ಅತ್ತೆಯವರ ಮುಂದೆ ಹೇಗೆ ಹೇಳಬೇಕೆಂದೂ ಪೂಜೆಯಲ್ಲೇ ಯೋಚಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಎದ್ದು ಹೋದೆ.

“ಯಾರದವ್ವಾ ಅದು?”

ಬಾಳವ್ವ ಗಂಗಾಳ ತಿರುಗಿಸಿ ಅಂಚಿನ ಕೆಳಗೆ ಕೊರೆದ ಹೆಸರು ನನ್ನ ಕಡೆ ಹಿಡಿದಳು. ಅವಳಿಗೆ ಓದು ಬಾರದು, ನನಗೆ ಬರುತ್ತದೆ. ತವರಿನವರು ಮದುವೆಯಲ್ಲಿ ಕೊಟ್ಟ ಗಂಗಾಳ. ಹಿಂದಿನ ಸಂಜೆ ಎಲ್ಲರ ಊಟ ಮುಗಿದ ಮೇಲೆ, ಎಲ್ಲರ ಗಂಗಾಳವನ್ನೂ ನೋಡಿ ಸಮಾಧಾನವಾಗಿ, ಗಡಬಡಿಸಿ ಉಂಡು ನಾನೇ ಬಿಟ್ಟು ಎದ್ದದ್ದು.

“ನಾ ಏನೂ ಅನ್ನೂದಿಲ್ರಿ ಅಕ್ಕಾರ” ಎಂದಳು ಬಾಳವ್ವ, ಸ್ವಲ್ಪ ಜಾಗ ಬಿಟ್ಟು ಸರಿದು ಕೂತು.

ಸೆರಗು ಸಿಗಿಸಿ ಅವಳ ಪಕ್ಕದಲ್ಲಿ ಕೂತೆ, ನಾರಿಗೆ ಬೂದಿ ಹಚ್ಚಿಕೊಂಡೆ. ಅಂಗೈ ಉರಿಯಲಿಲ್ಲ. ಕಿವಿ ಮಾತ್ರ ಸ್ವಲ್ಪ ಬಿಸಿಯಾಗಿದ್ದವು.