ಒಣ ಉಸುಕಿನ ಮೇಲೆ ಗಿರಿಜಾಳ ಗಾಡಿ

ಹಿಂಗಾರಿ ಜೋಳ ಬಿತ್ತಿ ಮುಗಿಸಿದ ಮೇಲೆ ನಮ್ಮೂರು ಮೊರಬದಲ್ಲಿ ನಾಲ್ಕಾರು ದಿನ ಕೈ ಖಾಲಿ. ಆ ಬಿಡುವಿನಲ್ಲಿ ಒಬ್ಬನೇ ಉತ್ತರ ಕನ್ನಡದ ಕರಾವಳಿ ನೋಡಿ ಬರುತ್ತೇನೆಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಹುಟ್ಟಿದಾಗಿನಿಂದ ಪಡುವಣದ ಮೋಡಕ್ಕೆ ಕಾಯುತ್ತ ಕೂತವನಿಗೆ, ಅದು ಹೊರಡುವ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕೆನಿಸಿತ್ತು, ಅಷ್ಟೆ. ತೊಂದರೆಯೆಲ್ಲ ಗಾಡಿಯದು. ನನ್ನ ಹಳೆಯ ಬೈಕಿಗೆ ಹುಬ್ಬಳ್ಳಿ ದಾಟುವ ತ್ರಾಣವಿರಲಿಲ್ಲ. ಮಗಳು ಗಿರಿಜಾಳ ಹೊಸ ಬೈಕು ಅಂಗಳದಲ್ಲೇ ನಿಂತಿತ್ತು, ಆದರೆ ಅದರ ಚಾವಿ ಅವಳ ಪರ್ಸು ಬಿಟ್ಟು ಹೊರಬಂದದ್ದನ್ನು ನಾವು ಕಂಡಿರಲಿಲ್ಲ. ಅವಳು ನರ್ಸು. ಹಳ್ಳಿಹಳ್ಳಿಗೆ ಲಸಿಕೆ ಹಾಕಲು ಅದರ ಮೇಲೇ ಹೋಗಬೇಕು.

ಎರಡು ದಿನ ನನ್ನನ್ನು ಕಾಡಿಸಿ, ಶುಕ್ರವಾರ ನಸುಕಿನಲ್ಲಿ ಚಾವಿ ಕೊಟ್ಟಳು. "ಸೋಮವಾರ ಮುಂಜಾನಿ ನನಗ ಗಾಡಿ ಬೇಕ ಬೇಕು, ಅಪ್ಪಾ. ಹಸೀ ನೆಲದಾಗ ಇಳಸಬ್ಯಾಡ."

"ಎರಿ ಹೊಲದಾಗ ಹುಟ್ಟಿದಾಂವಗ ಹಸೀ ನೆಲದ ಬುದ್ಧಿ ಹೇಳ್ತೀಯೇನವಾ?" ಎಂದು ಜಂಬ ಕೊಚ್ಚಿ ಹೊರಟೆ.

ಹುಬ್ಬಳ್ಳಿ ದಾಟಿ ಮಿಶ್ರಿಕೋಟಿಯ ಹತ್ತಿರ ಬರುವಷ್ಟರಲ್ಲಿ ಕರಿ ನೆಲ ಕೆಂಪಾಗತೊಡಗಿತ್ತು, ಹತ್ತಿಯ ಬದಲು ಭತ್ತ ನಿಂತಿತ್ತು. ಅಲ್ಲೊಂದು ಅಂಗಡಿಯಲ್ಲಿ ಹತ್ತು ರೂಪಾಯಿಯ ಚಹಾ ಕುಡಿದೆ. "ಎಲ್ಲಿಗೆ ಹೊಂಟ್ರಿ ಕಾಕಾ?" ಎಂದು ಅಂಗಡಿಯವನು ಕೇಳಿದ. ಸಮುದ್ರಕ್ಕೆ, ಒಬ್ಬನೇ ಎಂದೆ. "ಒಬ್ರ? ಮತ್ತ ನಿಮ್ಮ ಫೋಟೋ ಯಾರ ತೆಗೀತಾರ್ರಿ?" ಎಂದು ಚಿಂತೆಗೆ ಬಿದ್ದ. ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಯಲ್ಲಾಪುರದ ಆಚೆ ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ಎರಡನೇ ಗೇರಿನಲ್ಲೇ ಇಳಿದೆ. ಮಂಜು ತೆಳುವಾಗಿತ್ತು, ಮಳೆ ಇರಲಿಲ್ಲ. ಮಧ್ಯಾಹ್ನ ಅಂಕೋಲೆಯಲ್ಲಿ ಆರುನೂರಕ್ಕೆ ಒಂದು ಕೋಣೆ ಸಿಕ್ಕಿತು. ಅನ್ನ, ಸಾರು, ಕೋಕಂ ಕಡಿ ಉಂಡೆ. ರುಚಿಯೇನೋ ಇತ್ತು, ಆದರೆ ರೊಟ್ಟಿಯಿಲ್ಲದೆ ಉಂಡಂತಾಗಲಿಲ್ಲ. ಕೋಣೆಗೆ ಬಂದು ಮನೆಯಿಂದ ತಂದ ಬುತ್ತಿಯ ಗಂಟು ಬಿಚ್ಚಿ, ಶೇಂಗಾ ಚಟ್ನಿ ಹಚ್ಚಿ ಒಂದು ರೊಟ್ಟಿ ತಿಂದ ಮೇಲೆ ಸಮಾಧಾನವಾಯಿತು.

ಶನಿವಾರ ಬೆಳಿಗ್ಗೆ ದಂಡೆಯ ಸಣ್ಣ ರಸ್ತೆ ಹಿಡಿದೆ. ಇಲ್ಲಿ ಗುಡ್ಡಗಳು ನೆಟ್ಟಗೆ ನೀರಿಗೇ ಇಳಿಯುತ್ತವೆ. ಕಪ್ಪು ಬಂಡೆಗಳಿಗೆ ತೆರೆ ಅಪ್ಪಳಿಸಿ ಆಳೆತ್ತರ ಹಾರುತ್ತಿತ್ತು. ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿ ಸುಮ್ಮನೆ ನೋಡಿದೆ. ನಮ್ಮಲ್ಲಿ ಹೊಲ ಹೋಗಿ ಮುಗಿಲಿಗೆ ಮುಟ್ಟಿದ ಹಾಗೆ, ಅಲ್ಲಿ ನೀರು ಮುಟ್ಟಿತ್ತು. ನನಗೆ ಬಹಳ ಸಂತೋಷವಾಯಿತು, ಕಣ್ಣೂ ಒದ್ದೆಯಾದವು.

ಎರಡು ಗುಡ್ಡಗಳ ನಡುವೆ ಸಣ್ಣದೊಂದು ಉಸುಕಿನ ದಂಡೆ ಕಂಡಿತು. ಅಲ್ಲಿ ಮೂವತ್ತು ನಲವತ್ತು ಜನ ಗಂಡಸರು, ಹೆಂಗಸರು ಎರಡು ಸಾಲಾಗಿ ನಿಂತು ಸಮುದ್ರದಿಂದ ಬಲೆಯ ಹಗ್ಗ ಎಳೆಯುತ್ತಿದ್ದರು. ಹತ್ತಿರದಿಂದ ನೋಡುವ ಆಸೆಗೆ ಗಾಡಿಯನ್ನು ಇಳಿಸಿಯೇ ಬಿಟ್ಟೆ. ನೀರಿನಂಚಿನ ಉಸುಕು ಹಸಿಯಾಗಿ ಹೊಳೆಯುತ್ತಿತ್ತು. ಮಳೆಯಾದ ಎರೆಹೊಲದಲ್ಲಿ ಗಾಲಿಗೆ ಮಣ್ಣು ಮೆತ್ತಿ ಗಾಡಿ ಅಲ್ಲಾಡದೆ ನಿಲ್ಲುವುದನ್ನು ನೋಡಿ ಬೆಳೆದವನು ನಾನು. ಗಿರಿಜಾಳ ಮಾತು ನೆನೆದು ಆ ಹಸಿಯಿಂದ ದೂರ, ಬೆಳ್ಳಗೆ ಒಣಗಿದ ಉಸುಕಿನ ಮೇಲೇ ಜಾಣನ ಹಾಗೆ ಹೋದೆ. ಹತ್ತು ಮಾರು ಹೋಗುವುದರೊಳಗೆ ಹಿಂದಿನ ಗಾಲಿ ಹೂತಿತು. ಎಕ್ಸಿಲರೇಟರ್ ಕೊಟ್ಟಷ್ಟೂ ಕೆಳಗಿಳಿದು ಚೈನು ಉಸುಕಿನಲ್ಲಿ ಮುಚ್ಚಿಹೋಯಿತು. ಎಳೆದರೆ ಬರಲಿಲ್ಲ, ನೂಕಿದರೆ ಹೋಗಲಿಲ್ಲ.

ಸಾಲಿನ ಕೊನೆಯಲ್ಲಿದ್ದ ಮುದುಕಿಯೊಬ್ಬಳು ಕೂಗಿ ಹೇಳಿದಳು: "ಹುಣ್ಣಿಮೆ ಹತ್ರ ಬಂತು, ಉಬ್ಬರ ಜೋರು ಮಾರಾಯ್ರೆ! ಊಟದ ಹೊತ್ತಿಗೆ ನೀರು ನಿಮ್ಮ ಗಾಡಿ ದಾಟಿ ಮೇಲೆ ಬರ್ತದೆ." ಅವಳ ಹೆಸರು ಬೀರಮ್ಮ ಎಂದು ಆಮೇಲೆ ತಿಳಿಯಿತು.

ಗಾಡಿ ಬಿಟ್ಟು ಅವರತ್ತ ಓಡಿದೆ. "ಯಾರರ ಸ್ವಲ್ಪ ಕೈ ಹಚ್ರೀ, ಯವ್ವಾ! ಗಾಡಿ ನಂದಲ್ರೀ, ಮಗಳದು!"

"ಬಲೆ ದಡಕ್ಕೆ ಬರೂವರೆಗೆ ಹಗ್ಗ ಬಿಡಲಿಕ್ಕೆ ಆಗೂದಿಲ್ಲ. ನೀವೂ ಹಿಡೀರಿ, ಬೇಗ ಮುಗೀತದೆ," ಎಂದಳು ಬೀರಮ್ಮ.

ಬೇರೆ ದಾರಿ ಇರಲಿಲ್ಲ, ಹಿಡಿದೆ. ಬಾವಿಯ ಹಗ್ಗ, ಎತ್ತಿನ ಹಗ್ಗ ಎಳೆದ ಕೈಗಳೇ, ಆದರೂ ಆ ಒದ್ದೆ ಹಗ್ಗ ಅಂಗೈಯ ಚರ್ಮ ಸುಲಿಯಿತು. ಹಿಂದಕ್ಕೆ ಹೆಜ್ಜೆಯಿಡುತ್ತ ಎಳೆಯುವುದು, ಕೊನೆ ಮುಟ್ಟಿದವರು ಮತ್ತೆ ನೀರಿನ ಬದಿಗೆ ಹೋಗಿ ಹಿಡಿಯುವುದು. ನನ್ನ ಕಣ್ಣು ಮಾತ್ರ ಗಾಡಿಯ ಮೇಲೆ. ಪ್ರತಿ ತೆರೆಯೂ ಒಂದಿಷ್ಟು ಮುಂದೆ ಬಂದು ಹೋಗುತ್ತಿತ್ತು. ಸೋಮವಾರ ಗಿರಿಜಾ ಬಸ್ಸಿಗೆ ಕಾಯುತ್ತ ನಿಂತ ಹಾಗೆ ಕಂಡು ಇನ್ನೂ ಜೋರಾಗಿ ಎಳೆದೆ. "ಅಣ್ಣ, ನಿಧಾನ, ಬಲೆ ಹರೀತದೆ," ಎಂದು ಮುಂದಿನವನು ಬೈದ.

ಬಲೆ ದಡಕ್ಕೆ ಬಂದಾಗ ಬಾಂಗಡೆ ಮೀನು ರಾಶಿರಾಶಿ ಹೊಳೆಯುತ್ತಿದ್ದವು. ನನಗೆ ಅದನ್ನು ನೋಡುವ ವ್ಯವಧಾನವಿರಲಿಲ್ಲ, ತೆರೆಯ ನೊರೆ ಮುಂದಿನ ಗಾಲಿ ಮುಟ್ಟಿತ್ತು. ಹತ್ತು ಜನ ಓಡಿಬಂದು ಗಾಡಿಯನ್ನು ಅನಾಮತ್ತು ಎತ್ತಿ ನೀರಿನ ಕಡೆಗೇ ಹೊತ್ತೊಯ್ದರು.

"ಅಲ್ಲಿ ಬ್ಯಾಡ್ರೀ! ಅಲ್ಲೆಲ್ಲಾ ಹಸೀ ಐತ್ರೀ!" ಎಂದು ಬಡಕೊಂಡೆ.

ಬೀರಮ್ಮ ಸೊಂಟ ಹಿಡಿದುಕೊಂಡು ನಕ್ಕಳು. ಹಸಿ ಉಸುಕಿನ ಮೇಲೆ ಗಾಲಿ ಡಾಂಬರಿನ ಮೇಲೆ ನಿಂತಂತೆ ನಿಂತಿತು. ನಾಲ್ಕಾರು ಸಲ ಒದ್ದ ಮೇಲೆ ಇಂಜಿನ್ನೂ ಶುರುವಾಯಿತು.

ಹೊರಡಬೇಕೆಂದರೆ ಮೀನಿನ ಬುಟ್ಟಿಯೊಂದನ್ನು ನನ್ನ ಮುಂದಿಟ್ಟರು. ಹಗ್ಗ ಹಿಡಿದವರಿಗೆಲ್ಲ ಪಾಲು ಕೊಡುವುದು ಅಲ್ಲಿಯ ಪದ್ಧತಿಯಂತೆ. "ನಾವು ತಿನ್ನೂದಿಲ್ರೀ, ಲಿಂಗ ಕಟ್ಟಿದ ಮಂದಿ," ಎಂದು ಕೈ ಮುಗಿದೆ. "ತಿನ್ನೂದು ಬಿಡೂದು ನಿಮ್ಮ ಖುಷಿ. ಪಾಲು ನಿಮ್ದೇ," ಎಂದಳು ಬೀರಮ್ಮ. ಹಾಗಾದರೆ ನನ್ನ ಪಾಲು ನಿಮಗೆ ಎಂದು, ಜೊತೆಗೆ ಉಳಿದ ರೊಟ್ಟಿ ಚಟ್ನಿಯನ್ನೂ ಕೊಟ್ಟೆ. ಬುಟ್ಟಿಯ ಸಮೇತ ಅವಳನ್ನು ಹಿಂದೆ ಕೂರಿಸಿಕೊಂಡು, ನೀರಿನಂಚಿನ ಗಟ್ಟಿ ಉಸುಕಿನ ಮೇಲೇ ಸಾಗಿ ಅವಳ ಮನೆ ಮುಟ್ಟಿಸಿದೆ.

ಭಾನುವಾರ ವಾಪಸು ಬರುವಾಗ ಕಲಘಟಗಿಯಲ್ಲಿ ದುಡ್ಡು ಕೊಟ್ಟು ಗಾಡಿ ತೊಳೆಸಿದೆ. ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. ಗಾಡಿಯ ಸುತ್ತ ಒಂದು ಸುತ್ತು ಬಂದು, ಮೂಗು ಅರಳಿಸಿ, "ಅಪ್ಪಾ, ನನ್ನ ಗಾಡಿ ಯಾಕ ಮೀನ ನಾರತೈತಿ?" ಎಂದಳು. ನಡೆದದ್ದೆಲ್ಲ ಹೇಳಿದೆ.

"ಸುಳ್ಳ ಹೇಳಬ್ಯಾಡ. ಒಣಾ ನೆಲದಾಗ ಗಾಡಿ ಎಲ್ಲರ ಸಿಕ್ಕೋತೈತೇನು? ಹಸೀದ್ರಾಗ ಇಳಿಸಿರ್ತಿ. ನಾನಾಗಿದ್ರ ಒಣಾ ಜಾಗಾ ನೋಡೇ ನಿಲ್ಲಸ್ತಿದ್ದೆ."

"ನಾನೂ ಹಂಗ ಮಾಡಿದ್ದು, ನನ್ನವ್ವಾ," ಎಂದು ಅಂಗೈ ತೋರಿಸಿದೆ.

ಅಂಗೈ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಅಪ್ಪ ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗುತ್ತಲೇ ಮುಲಾಮು ಹಚ್ಚಿದಳು.

ಸೋಮವಾರ ಅವಳು ಮೀನಿನ ವಾಸನೆಯ ಗಾಡಿಯ ಮೇಲೆ ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಹೋದಳು. ಸಂಜೆ ಬಂದು ಕಾಲು ತೊಳೆದಳು, ಪರ್ಸನ್ನು ಒಳಗಿಟ್ಟಳು. ಚಾವಿಯನ್ನು ಮಾತ್ರ ಒಳಗೆ ಒಯ್ಯದೆ, ಬಾಗಿಲ ಬದಿಯಲ್ಲಿ ನನ್ನ ಟವೆಲ್ ನೇತುಹಾಕುವ ಮೊಳೆಗೆ ಹಾಕಿದಳು. ನಾನು ನೋಡಿಯೂ ನೋಡದವನಂತೆ ಚಹಾ ಕುಡಿದೆ.