ಸಬ್ಬಸಿಗೆ ಸೊಪ್ಪು ನನಗೆ ಒಗ್ಗಿದ್ದು

ಐವತ್ತು ದಾಟುವವರೆಗೂ ನನಗೆ ಸಬ್ಬಸಿಗೆ ಸೊಪ್ಪು ಕಂಡರೆ ಆಗುತ್ತಿರಲಿಲ್ಲ. ಕಂಡರೆ ಎನ್ನುವುದೂ ಅಷ್ಟು ಸರಿಯಲ್ಲ. ಕಾಣುವ ಮೊದಲೇ ಅದರ ವಾಸನೆ ನನ್ನನ್ನು ಹುಡುಕಿಕೊಂಡು ಬರುತ್ತಿತ್ತು. ಸೊಪ್ಪಿನ ಗಾಡಿ ಬೀದಿಯ ತುದಿಯಲ್ಲಿರುವಾಗಲೇ ಇವತ್ತು ಸಬ್ಬಸಿಗೆ ಬಂದಿದೆ ಎಂದು ಮನೆಯೊಳಗೆ ಕುಳಿತೇ ಹೇಳುತ್ತಿದ್ದೆ. ಅದನ್ನೊಂದು ವಿದ್ಯೆ ಎಂದು ತಿಳಿದಿದ್ದೆ. ಮೂಲಂಗಿ ಹುಳಿಯ ಪಾಡೂ ಅಷ್ಟೆ. ಅದು ಕುದಿಯುವ ದಿನ ಊಟದ ಹೊತ್ತಿಗೆ ಏನಾದರೊಂದು ಕೆಲಸದ ನೆಪ ಮಾಡಿಕೊಂಡು ನಮ್ಮ ಲಗ್ಗೆರೆಯ ಬೀದಿಗಳನ್ನು ಸುತ್ತುತ್ತಿದ್ದೆ.

ನನ್ನ ಹೆಂಡತಿ ಶಾರದೆಗೆ ಸಬ್ಬಸಿಗೆ ಎಂದರೆ ಪ್ರಾಣ. ಮದುವೆಯಾದ ಹೊಸತರಲ್ಲಿ ಆ ಸೊಪ್ಪನ್ನು ಧಾರಾಳವಾಗಿ ಹಾಕಿ ಅಕ್ಕಿ ರೊಟ್ಟಿ ತಟ್ಟಿ ತಂದಿಟ್ಟಳು. ನಾನು ತಟ್ಟೆಯನ್ನು ಎರಡು ಬೆರಳಿನಿಂದ ಆಚೆ ಸರಿಸಿದೆ. ಬಯ್ಯಲಿಲ್ಲ, ಬೈದಿದ್ದರೆ ಅವಳೂ ಒಂದು ಮಾತಾಡುತ್ತಿದ್ದಳೇನೋ. ಅವಳು ಸುಮ್ಮನೆ ತಟ್ಟೆ ಎತ್ತಿಕೊಂಡು ಹೋಗಿ ಉಪ್ಪಿಟ್ಟು ಮಾಡಿ ತಂದಳು. ಆಮೇಲೆ ಇಪ್ಪತ್ತಾರು ವರ್ಷ ಆ ಸೊಪ್ಪು ನಮ್ಮ ಹೊಸಿಲು ದಾಟಲಿಲ್ಲ. ನಾಗಸಂದ್ರದ ತನ್ನ ಅಕ್ಕನ ಮನೆಗೆ ಹೋದಾಗ ತಿನ್ನುತ್ತಿದ್ದಳು, ಬಂದವಳು ಮೊದಲು ಬಾಯಿ ಮುಕ್ಕಳಿಸುತ್ತಿದ್ದಳು. ಅದನ್ನು ನೋಡಿ ನನಗೆ ನಾಚಿಕೆಯಾಗಬೇಕಿತ್ತು. ಆಗ ಆಗಲಿಲ್ಲ.

ಹೀಗಿರುವಾಗ ಮೂರು ವರ್ಷದ ಹಿಂದೆ ಅದೇ ಅಕ್ಕನ ಮನೆಯಲ್ಲಿ ನಾಮಕರಣದ ಊಟ. ನುಚ್ಚಿನುಂಡೆ ಬಡಿಸಿದರು. ನಾನು ನಾಲ್ಕು ತಿಂದು ಐದನೆಯದಕ್ಕೆ ಕೈಚಾಚಿದಾಗ ಶಾರದೆಯ ಅಕ್ಕ, “ಏನ್ರೀ ಮಂಜುನಾಥ್, ಅದ್ರಲ್ಲಿ ಸಬ್ಬಸಿಗೆ ಇದೆ, ನೋಡ್ಲಿಲ್ವಾ?” ಎಂದರು. ಮುರಿದು ನೋಡಿದೆ. ಹಸಿರು ಎಳೆಗಳು ಕಂಡವು. ವಾಸನೆ ಮಾತ್ರ ಇಲ್ಲ. “ಇರ್ಲಿ ಬಿಡಿ, ಚೆನ್ನಾಗಿದೆ,” ಎಂದು ಅದನ್ನೂ ತಿಂದೆ. ಎದುರು ಸಾಲಿನಲ್ಲಿ ಕುಳಿತಿದ್ದ ಶಾರದೆ ಊಟ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಸೊಪ್ಪು ಮನೆಗೆ ಬಂತು. ಮೂಲಂಗಿಯೂ ಬಂತು. ನಾನು ಎಲ್ಲವನ್ನೂ ತಿಂದೆ, ಜೊತೆಗೆ ಒಂದು ಸಿದ್ಧಾಂತವನ್ನೂ ಕಟ್ಟಿದೆ. ವಯಸ್ಸಾದಂತೆ ಮನುಷ್ಯ ಮಾಗುವ ಹಾಗೆ ನಾಲಿಗೆಯೂ ಮಾಗುತ್ತದೆ. ಅದು ಬೇಡ, ಇದು ಬೇಡ ಎನ್ನುವುದು ಎಳಸುತನ. ಎಲ್ಲವನ್ನೂ ಸಮವಾಗಿ ಕಾಣುವವನೇ ಜ್ಞಾನಿ. ಇದನ್ನು ನೆಂಟರ ಮದುವೆಗಳಲ್ಲಿ ಹೇಳಿದೆ. ಪೀಣ್ಯದಲ್ಲಿ ನಾನು ಸೂಪರ್‌ವೈಸರ್ ಆಗಿದ್ದ ಪ್ಲೇಟಿಂಗ್ ಶಾಪಿನಲ್ಲೂ ಹೇಳಿದೆ. ಕಬ್ಬಿಣದ ಸಾಮಾನಿಗೆ ಕ್ರೋಮಿನ ಹೊಳಪು ಕೊಡುವ ಜಾಗ ಅದು. ಅಲ್ಲಿ ಕ್ರೋಮ್ ದ್ರಾವಣದ ಟ್ಯಾಂಕಿನ ಮುಂದೆ ನಿಂತು ಕೆಲಸ ಮಾಡುವ ಸಿದ್ದಲಿಂಗಪ್ಪ ನನಗಿಂತ ಹಿರಿಯ, ದಿನಾ ನನ್ನ ಜೊತೆಯೇ ಊಟ. ಅವನು ನನ್ನ ಸಿದ್ಧಾಂತವನ್ನು ಪೂರ್ತಿ ಒಪ್ಪಿದ. ಅವನೂ ಡಬ್ಬಿಯಲ್ಲಿ ಏನಿದ್ದರೂ ಮಾತಿಲ್ಲದೆ ತಿನ್ನುವವನು; ಹಸಿಮೆಣಸಿನಕಾಯಿ ಮಾತ್ರ ನಾಲ್ಕೈದು ಬೇಕು. “ಖಾರ ಇಲ್ದಿದ್ರೆ ಉಂಡಂಗೇ ಆಗಲ್ಲ ಮಂಜಣ್ಣ,” ಎನ್ನುತ್ತಿದ್ದ.

ಹೋದ ವರ್ಷ ಒಂದು ಭಾನುವಾರ ಶಾರದೆ ಅಕ್ಕನ ಮನೆಗೆ ಹೋಗಿದ್ದಳು. ಸಂಜೆ ಕಾಫಿಗೆಂದು ಹಾಲಿಟ್ಟು ಪೇಪರ್ ಓದುತ್ತ ಮರೆತೆ. ನೆನಪಾದದ್ದು ಹಾಲಲ್ಲ, ದೇವರ ದೀಪ. ಬೆಂಕಿಪೊಟ್ಟಣ ಕೈಗೆತ್ತಿಕೊಳ್ಳುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಪಕ್ಕದ ಮನೆಯ ನಸೀಮಾ.

“ಮಂಜಣ್ಣ, ಗ್ಯಾಸ್ ವಾಸ್ನೆ ಬರ್ತಿದೆ. ಲೈಟ್ ಹಾಕ್ಬೇಡಿ, ಏನೂ ಹಚ್ಚಬೇಡಿ.”

“ಎಲ್ಲಿಂದಮ್ಮಾ?” ಎಂದೆ.

ಅವಳು ಉತ್ತರಿಸದೆ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ನೇರ ನಮ್ಮ ಅಡುಗೆಮನೆಗೆ ನುಗ್ಗಿದಳು. ಹಾಲು ಉಕ್ಕಿ ಒಲೆ ಆರಿತ್ತು, ಗ್ಯಾಸು ಹಾಗೇ ಹೋಗುತ್ತಿತ್ತು. ಅವಳು ಒಲೆಯ ಗುಂಡಿ ತಿರುಗಿಸಿ, ಕಿಟಕಿಗಳನ್ನೆಲ್ಲ ತೆರೆದು, ನನ್ನ ಕೈಯ ಬೆಂಕಿಪೊಟ್ಟಣವನ್ನು ಮೆಲ್ಲಗೆ ತೆಗೆದುಕೊಂಡಳು.

“ಬೀದಿಗೆಲ್ಲ ಹರಡಿದೆ ಅಣ್ಣ. ನಿಮಗೆ ಗೊತ್ತಾಗ್ಲೇ ಇಲ್ವಾ?”

ನಾನು ಜೋರಾಗಿ ಉಸಿರೆಳೆದು ನೋಡಿದೆ. ಏನೂ ಇರಲಿಲ್ಲ.

ಡಾಕ್ಟರು ಮೂಗಿನೊಳಗೆ ಕ್ಯಾಮೆರಾ ಇಳಿಸಿ ನೋಡಿದವರು, ನಾನು ಹೇಳುವ ಮೊದಲೇ, “ಕ್ರೋಮ್ ಕೆಲಸಾನಾ?” ಎಂದರು. ಇಪ್ಪತ್ತೆರಡು ವರ್ಷ ಎಂದೆ. ಕ್ರೋಮ್ ಟ್ಯಾಂಕಿನ ಹೊಗೆಗೆ ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ತೂತು ಬಿದ್ದಿದೆ, ವಾಸನೆ ಹಿಡಿಯುವ ಶಕ್ತಿ ಹೋಗಿದೆ, ಹಿಂದಿರುಗುವುದು ಕಷ್ಟ ಎಂದರು. ನಾಲಿಗೆಗೆ ಗೊತ್ತಾಗುವುದು ಉಪ್ಪು, ಹುಳಿ, ಸಿಹಿ, ಕಹಿಯಂಥ ಕೆಲವು ಮಾತ್ರ. ಉಳಿದ ರುಚಿಯೆಲ್ಲ ಮೂಗಿನದೇ. ಮೆಣಸಿನಕಾಯಿಯದು ರುಚಿಯೇ ಅಲ್ಲ, ಉರಿ. ನಮ್ಮ ಹಿರಿಯರು ಆರು ರಸ ಎಂದು ಎಣಿಸಿ ಹೆಸರಿಟ್ಟರು. ಆರೂ ನಾಲಿಗೆಯ ಲೆಕ್ಕಕ್ಕೇ ಹೋದವು, ಮೂಗಿನ ಪಾಲಿಗೆ ಏನೂ ಬರಲಿಲ್ಲ. ಅವರನ್ನು ಯಾಕೆ ದೂರಲಿ, ನನ್ನ ಮೂಗಿನ ಲೆಕ್ಕವನ್ನು ನಾನೇ ಇಟ್ಟಿರಲಿಲ್ಲ.

ಡಾಕ್ಟರ ಹತ್ತಿರ ಶಾರದೆಯೂ ಬಂದಿದ್ದಳು. ಮನೆಗೆ ಬಂದು ನೀರು ಕುಡಿದು ಕುಳಿತ ಮೇಲೆ ಹೇಳಿದಳು.

“ಹಾಗಾದ್ರೆ ನೀವು ಬದಲಾಗಿರ್ಲಿಲ್ಲ.”

ನಾನು ಡಾಕ್ಟರ ರಿಪೋರ್ಟನ್ನು ಮಡಿಸಿ ಜೇಬಿಗಿಟ್ಟೆ.

“ಕೊನೆಗೂ ನನಗೋಸ್ಕರ ತಿನ್ನೋದು ಕಲಿತ್ರು ಅಂತ ಅಕ್ಕನ ಹತ್ರ ಹೇಳ್ಕೊಂಡಿದ್ದೆ ಕಣ್ರೀ.”

ಆ ಹೊಗೆ ಕೊಟ್ಟದ್ದನ್ನು ನಾನು ಕೊಟ್ಟೆನೆಂದು ಅವಳು ಎರಡು ವರ್ಷ ನಂಬಿದ್ದಳು. ಅಂದಿನಿಂದ ಅವಳು ಆ ಸೊಪ್ಪು ತರುವುದನ್ನು ಮತ್ತೆ ನಿಲ್ಲಿಸಿದಳು.

ಮರುದಿನ ಊಟದ ಹೊತ್ತಿಗೆ ಎರಡು ಪೊಟ್ಟಣ ಕಟ್ಟಿಕೊಂಡು ಶಾಪಿಗೆ ಹೋದೆ. ಒಂದರಲ್ಲಿ ಕಾಫಿಪುಡಿ, ಇನ್ನೊಂದರಲ್ಲಿ ಸೋಪಿನ ಪುಡಿ. ಸಿದ್ದಲಿಂಗಪ್ಪನಿಗೆ ಕಣ್ಣು ಮುಚ್ಚಲು ಹೇಳಿ ಒಂದೊಂದಾಗಿ ಮೂಗಿಗೆ ಹಿಡಿದೆ. ಅವನು ನಕ್ಕ. “ಏನ್ ಮಂಜಣ್ಣ, ಎರಡೂ ಖಾಲಿ ಪೊಟ್ಟಣ ತಂದು ಆಟ ಆಡಿಸ್ತಿದ್ದೀಯಾ?” ಕಣ್ಣು ಬಿಟ್ಟು ಪುಡಿ ನೋಡಿದ, ನನ್ನ ಮುಖ ನೋಡಿದ. ನಗು ನಿಂತಿತು.

“ಯಾರಿಗೂ ಹೇಳ್ಬೇಡ,” ಎಂದ. “ನನ್ನನ್ನ ಮನೆಗೆ ಕಳಿಸಿಬಿಡ್ತಾರೆ. ರಿಟೈರಾಗೋಕೆ ಇನ್ ಮೂರೇ ವರ್ಷ ಇರೋದು.”

ಟ್ಯಾಂಕಿನ ಹತ್ತಿರದ ಆರು ಜನರಲ್ಲಿ ಅವನೂ ಸೇರಿ ಮೂವರಿಗೆ ಕಾಫಿ ಯಾವುದು, ಸೋಪು ಯಾವುದು ಗೊತ್ತಾಗಲಿಲ್ಲ. ಊಟದ ಬಗ್ಗೆ ತಕರಾರು ಮಾಡದ ಒಳ್ಳೆಯ ಕೆಲಸಗಾರರು ಎಂದು ನಾನು ಹೊಗಳುತ್ತಿದ್ದುದು ಇವರನ್ನೇ. ಹೊಗೆ ಹೀರುವ ಫ್ಯಾನು ಆಗಾಗ ಕೆಟ್ಟು ನಿಲ್ಲುತ್ತಿತ್ತು. ಇವತ್ತೊಂದು ದಿನ ಸುಧಾರಿಸಿಕೊಳ್ಳಿ ಎಂದು ಕೆಲಸ ನಡೆಸುತ್ತಿದ್ದವನು ನಾನೇ. ಅದು ಎಷ್ಟು ‘ಒಂದು ದಿನ’ ಆಯಿತೋ ಗೊತ್ತಿಲ್ಲ.

ನನ್ನ ರಿಪೋರ್ಟನ್ನು ಮಾಲೀಕರ ಮೇಜಿನ ಮೇಲಿಟ್ಟು ನನ್ನ ಕಥೆಯನ್ನು ಮಾತ್ರ ಹೇಳಿದೆ. ಅವರು ಅದನ್ನು ಎರಡು ಸಲ ಓದಿದರು. ವಾರದೊಳಗೆ ಹೊಸ ಫ್ಯಾನು ಬಂತು, ಮಾಸ್ಕುಗಳು ಬಂದವು, ನನ್ನನ್ನು ಮಾಲು ಕಳಿಸುವ ಡಿಸ್ಪ್ಯಾಚಿಗೆ ಹಾಕಿದರು. ಸಿದ್ದಲಿಂಗಪ್ಪನ ಹೆಸರನ್ನು ನಾನು ಎತ್ತಲಿಲ್ಲ. ಅವನು ಇಂದಿಗೂ ಟ್ಯಾಂಕಿನ ಮುಂದೆಯೇ ಇದ್ದಾನೆ, ಮಾಸ್ಕು ಕತ್ತಿನಲ್ಲಿ ನೇತಾಡುತ್ತಿರುತ್ತದೆ. ನಾನು ಮಾತು ಉಳಿಸಿಕೊಂಡೆನೋ, ಅವನನ್ನು ಕೈಬಿಟ್ಟೆನೋ, ಇನ್ನೂ ತಿಳಿದಿಲ್ಲ.

ಈಗ ಮನೆಯಲ್ಲಿ ತಟ್ಟೆಯ ಮುಂದೆ ಕುಳಿತರೆ ನನ್ನಲ್ಲಿ ಅಭಿಪ್ರಾಯವೇ ಇಲ್ಲ. ಅಭಿಪ್ರಾಯವಿಲ್ಲದ ಗಂಡಸಿಗೆ ಊಟದ ಹೊತ್ತು ಬಲು ಉದ್ದ. ಮೊನ್ನೆ ಮಧ್ಯಾಹ್ನ ಶಾರದೆಯೂ ಜೊತೆಗೇ ಊಟಕ್ಕೆ ಕುಳಿತಿದ್ದಳು. ಸುಮ್ಮನಿರಲಾರದೆ, “ಹೇಗಿದೆ ಹೇಳು,” ಎಂದೆ.

ಹಾಸ್ಯ ಮಾಡುತ್ತಿದ್ದೇನೆಯೇ ಎಂದು ಅವಳು ನನ್ನ ಮುಖ ನೋಡಿದಳು. ಆಮೇಲೆ ಒಂದು ತುತ್ತು ನಿಧಾನವಾಗಿ ಅಗಿದಳು.

“ಒಗ್ಗರಣೆ ಸ್ವಲ್ಪ ಸೀದಿದೆ. ಇಂಗು ಜಾಸ್ತಿ ಆಯ್ತು.” ಇನ್ನೊಂದು ತುತ್ತು ಕಲಸುತ್ತ, “ನಿಜ ಹೇಳ್ಲಾ? ಈ ತೊಗರಿಬೇಳೆ ಸಾರು ನನಗೆ ಚಿಕ್ಕಂದಿನಿಂದ್ಲೂ ಸೇರಲ್ಲ. ನಿಮಗೆ ದಿನಾ ಬೇಕಿತ್ತಲ್ಲ, ಮಾಡ್ತಿದ್ದೆ,” ಎಂದಳು.

ಮದುವೆಯಾಗಿ ಮೂವತ್ತು ವರ್ಷಕ್ಕೆ ನನಗೆ ಈ ವಿಷಯ ತಿಳಿಯಿತು.

“ಹಾಗಾದ್ರೆ ನಾಳೆಯಿಂದ ಬೇಡ,” ಎಂದೆ.

“ಮತ್ತೇನ್ ಮಾಡ್ಲಿ?”

“ನಿನಗೇನು ಬೇಕೋ ಅದು.”

ಅವಳು ಕಲಸಿದ ಅನ್ನದಲ್ಲಿ ಕೈಯಿಟ್ಟುಕೊಂಡೇ ಯೋಚಿಸತೊಡಗಿದಳು. ನನ್ನ ಊಟ ಮುಗಿದಿತ್ತು. ಏಳದೆ ಕಾಯುತ್ತ ಕುಳಿತೆ.